200 ಡೈವ್ ಆದವರಿಗೆ ಬಡ್ಡಿ ಚೆಕ್ ಬೇಡವಾ?

ಹನ್ನೊಂದು_ಮುಳುಗು:
ಎರಡು ವರ್ಷದ ಹಿಂದೆ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್, ಓಪನ್ ವಾಟರ್, ಮುಗಿಸಿದೆ. ಲಾಗ್‌ಬುಕ್ಕಲ್ಲಿ ಇರೋದು 11 ಡೈವ್ ಮಾತ್ರ. ಹೋದ ಭಾನುವಾರ ನೇತ್ರಾಣಿ ದ್ವೀಪದ ಹತ್ರ ಜೋಡಿಯಾಗಿ ಸಿಕ್ಕವರು 200 ದಾಟಿದವರು. ನೀರಿಗೆ ಹಾರೋ ಮುಂಚೆ ಬಡ್ಡಿ ಚೆಕ್ (ಜೋಡಿಯವರು ಒಬ್ಬರ ಸಲಕರಣೆ ಇನ್ನೊಬ್ಬರು ನೋಡೋದು) ಮಾಡೋಣ ಸರ್ ಅಂದ್ರೆ, "ಹುಡುಗರು ಎಲ್ಲಾ ಕಟ್ಟಿದ್ದಾರೆ, ಹಾರಪ್ಪಾ ಸಾಕು" ಅಂದ್ರು. ಹಾರಿದೆ, ಏನೂ ಆಗಲಿಲ್ಲ. ನಾನೇ ಅತಿ ಮಾಡ್ತಿದ್ದೀನಾ?

ಬಂಡೆಮೀನು:
ನಮ್ಮಮ್ಮ ಬಡ್ಡಿ ಚೆಕ್ ಅಂದ್ರೆ ಸೊಸೈಟಿಯದ್ದಾ ಅಂತ ಕೇಳಿದ್ರು 😄 ಬೋಟು ತೂಗಾಡ್ತಿರುತ್ತೆ, ಹೊಟ್ಟೆ ತೊಳಸ್ತಿರುತ್ತೆ. ಬೇಗ ನೀರಿಗಿಳಿದ್ರೆ ಸಾಕಪ್ಪ ಅನ್ಸುತ್ತೆ.

ಹಳೇ_ಫಿನ್ಸ್:
ಅತಿ ಅಲ್ಲ ಮಾರಾಯ್ರೆ. ನನ್ನ ಕತೆ ಕೇಳಿ. ಆಗ ನನ್ನದು 300 ಆಗಿತ್ತು, ಜಂಬವೂ ಅಷ್ಟೇ. ಸಿಲಿಂಡರ್ ವಾಲ್ವು ನಾನೇ ತೆರೆದಿದ್ದೆ. ಬೋಟಿನ ಹುಡುಗ ಹಿಂದಿನಿಂದ ಬಂದು, ಮುಚ್ಚಿದೆ ಅಂದ್ಕೊಂಡು ಉಲ್ಟಾ ತಿರುಗಿಸಿದ್ದಾನೆ. ಪೂರ್ತಿ ಮುಚ್ಚಿ ಕಾಲು ಸುತ್ತು ತೆರೆದ ಹಾಗಾಯ್ತು. ಬೋಟಿನ ಮೇಲೆ ಎರಡು ಉಸಿರು ಎಳೆದೆ, ಗಾಳಿ ಸಲೀಸಾಗಿ ಬಂತು. ಸಿಲಿಂಡರಲ್ಲಿ ಎಷ್ಟು ಗಾಳಿ ಇದೆ ಅಂತ ತೋರಿಸೋ ಗೇಜ್ ನೋಡಲೇ ಇಲ್ಲ.

10 ಮೀಟರ್ ಕೆಳಗೆ ಒತ್ತಡ ಎರಡು ಪಟ್ಟು, ಅದೇ ಒಂದು ಉಸಿರಿಗೆ ಎರಡು ಪಟ್ಟು ಗಾಳಿ ಬೇಕು. 16 ಮೀಟರಿಗೆ ಹೋಗುವಾಗ ಎಳನೀರಿನ ಸ್ಟ್ರಾದಲ್ಲಿ ಗಂಜಿ ಹೀರಿದ ಹಾಗೆ. ಗೇಜಿನ ಮುಳ್ಳು ಉಸಿರೆಳೆದಾಗೆಲ್ಲ ದಡಕ್ಕನೆ ಬಿದ್ದು ಮತ್ತೆ ಏಳ್ತಿತ್ತು. ಜೋಡಿಯವ ದೂರದಲ್ಲಿ ಬೆನ್ನು ಹಾಕಿ ಫೋಟೋ ತೆಗೀತಿದ್ದ. ಅವನ ಹತ್ರ ಈಜಿ, ಅವನ ಆಕ್ಟೋಪಸ್ (ಉಸಿರಾಡೋಕೆ ಇರೋ ಹೆಚ್ಚುವರಿ ಬಾಯಿತುದಿ) ಕಿತ್ಕೊಂಡು ಬಾಯಿಗಿಟ್ಟೆ. ವಾಲ್ವು ತೆರೆದದ್ದೂ ಅವನೇ.

ಈಗ ಹಾರೋ ಮೊದಲು ಗೇಜ್ ನೋಡ್ತಾ ನಾಲ್ಕು ಸಲ ಜೋರಾಗಿ ಎಳೀತೇನೆ. ಮುಳ್ಳು ಅಲ್ಲಾಡಿದರೆ ವಾಲ್ವು ಅರ್ಧಂಬರ್ಧ ಅಂತ ಲೆಕ್ಕ. ಪೂರ್ತಿ ತೆರೆದು ಸ್ವಲ್ಪ ಹಿಂದಕ್ಕೆ ತಿರುಗಿಸೋ ಹಳೇ ಪಾಠವನ್ನೂ ಬಿಟ್ಟೆ. ಅದರಿಂದಲೇ ತೆರೆದದ್ದೋ ಮುಚ್ಚಿದ್ದೋ ಗೊಂದಲ. ಚೆಕ್ ಮಾಡದೆ 100 ಸಲ ಬಚಾವಾದದ್ದನ್ನೇ ನಾವು ಅನುಭವ ಅಂತ ಕರೀತೇವೆ ನೋಡಿ.

ಹನ್ನೊಂದು_ಮುಳುಗು:
ನಾನು ಗೇಜ್ ನೋಡಿದ್ದೇ ತಳ ಮುಟ್ಟಿದ ಮೇಲೆ ಸರ್. ಅವರು ಗಾಳಿಯ ಒತ್ತಡ 30 ಬಾರ್‌ಗೆ ಇಳಿಯೋ ತನಕ ಕೆಳಗೇ ಇದ್ರು. ಮೇಲೆ ಬರುವಾಗ 5 ಮೀಟರಲ್ಲಿ 3 ನಿಮಿಷ ನಿಲ್ಲೋದು ಅಂತ ಕಲಿತಿದ್ದೆ, ಒಂದು ನಿಮಿಷಕ್ಕೇ ಮೇಲೆ ಬಾ ಅಂತ ಕೈ ಮಾಡಿದ್ರು. ದೊಡ್ಡವರಿಗೆ ಹೇಗೆ ಹೇಳೋದು?

ಹಳೇ_ಫಿನ್ಸ್:
ಇನ್ನೂ 50 ಬಾರ್ ಇರುವಾಗ ಬೋಟಿನ ಮೇಲಿರಬೇಕು. ಅದನ್ನು ಇಳಿಯೋ ಮೊದಲೇ ಮಾತಾಡಿಕೊಳ್ಳಿ. ಚೆಕ್ಕಿಗೆ "ನಾನು ಹೊಸಬ, ನನ್ನದೊಮ್ಮೆ ನೋಡಿ ಕೊಡಿ ಸರ್" ಅನ್ನಿ. ಇಲ್ಲ ಅನ್ನಲ್ಲ. ಅವರು ನಿಮ್ಮದು ನೋಡುವಾಗ ನೀವು ಅವರ ಗೇಜ್ ನೋಡಿ.

ಹನ್ನೊಂದು_ಮುಳುಗು:
ಸರಿ. ಮುಂದಿನ ಶನಿವಾರವೂ ಅವರೇ ಜೋಡಿ.