ಇನ್ನೂ ಹುಟ್ಟಿರದ ಸರ್ಟಿಫಿಕೇಟು

ಬೈಟೂ ಕಾಫಿ ಬರೋ ಮೊದಲೇ ಸೀನ ಶುರು ಹಚ್ಚಿಕೊಂಡ. "ನನ್ನ ಕಂಪ್ಯೂಟರ್‌ಗೆ ಯಾರೋ ಮಾಟ ಮಾಡ್ಸಿದಾರೆ ಕಣ್ರೋ. ಯಾವ ಸೈಟ್ ತೆಗೆದ್ರೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅನ್ನತ್ತೆ."

"ಮೂಲೇಲಿ ತಾರೀಖು ಏನಿದೆ ನೋಡಿದ್ಯಾ?" ಅಂದ ಗಿರಿ.

"2009, ಜನವರಿ 1."

"ಮದರ್‌ಬೋರ್ಡ್ ಮೇಲೆ ನಾಣ್ಯದಷ್ಟಗಲ ಸೆಲ್ ಇರತ್ತೆ, ಸಿಆರ್2032 ಅಂತ. ಅದು ಸತ್ತಿದೆ, ಗಡಿಯಾರ ಹಿಂದಕ್ಕೋಡಿದೆ. ಈ ವಿಳಾಸ ನಂದೇ ಅಂತ ಸೈಟು ಬ್ರೌಸರಿಗೆ ತೋರಿಸೋ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರತ್ತಲ್ಲ, ನಿನ್ನ ಕಂಪ್ಯೂಟರ್ ಲೆಕ್ಕದಲ್ಲಿ ಅವು ಇನ್ನೂ ಹುಟ್ಟೇ ಇಲ್ಲ."

"ಹಂಗಾದ್ರೆ ನನ್ನ ಮನೆ ಸಾಲಾನೂ ಹುಟ್ಟಿಲ್ಲ!" ಸೀನನ ಮುಖ ಅರಳಿತು.

ವಿಶ್ವಣ್ಣ ನಕ್ಕರು. ರಿಟೈರಾದ ಮೇಲೆ ಅವರಿಗೆ ಯಾವ ಎಚ್ಚರಿಕೆಯ ಹಂಗೂ ಇಲ್ಲ. "ಅಡ್ವಾನ್ಸ್ಡ್ ಒತ್ತಿದ್ರೆ ಕೆಳಗೆ ಸಣ್ಣಕ್ಷರದಲ್ಲಿ ಪ್ರೊಸೀಡ್ ಅಂತಿರತ್ತಲ್ರೋ. ದಾರಿ ಅವರೇ ಬಿಟ್ಟಿದ್ದಾರೆ!"

"ಅವಧಿ ಮುಗಿದಿದೆ ಅಂದ್ರೆ ಬಹಳ ಸಲ ಯಾರೋ ರಿನ್ಯೂ ಮಾಡೋದು ಮರೆತಿರ್ತಾರೆ ಅಷ್ಟೇ," ಅಂದ ಗಿರಿ. " ಆದ್ರೂ ಅಲ್ಲಿ ಪಾಸ್‌ವರ್ಡ್ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯವರು ಪುಕ್ಕಟೆ ಕೊಟ್ಟು ಊರಿಗೆಲ್ಲ ಗೊತ್ತಾಗಿದ್ದು 90 ದಿನದ ಸರ್ಟಿಫಿಕೇಟು. 2029ರ ಮಾರ್ಚ್‌ನಿಂದ ಹೊಸದಾಗಿ ಕೊಡೋ ಯಾವುದಕ್ಕೂ 47 ದಿನದ ಮೇಲೆ ಆಯಸ್ಸಿಲ್ಲ."

"ಬಾಡಿಗೆ ಕರಾರೇ 11 ತಿಂಗಳು ಬರತ್ತಲ್ಲಪ್ಪ!"

"ಆದ್ರೆ ಇಡೀ ಪರದೆ ಕೆಂಪಾದ್ರೆ ಅದು ತಾರೀಖಿನ ತಕರಾರಲ್ಲ ವಿಶ್ವಣ್ಣ. ಪಾಸ್‌ವರ್ಡ್ ಕದಿಯೋ, ವೈರಸ್ ಇಳಿಸೋ ಸೈಟುಗಳದ್ದು ಗೂಗಲ್ ಹತ್ರ ಒಂದು ಪಟ್ಟಿ ಇದೆ, ಅದರಲ್ಲಿ ಹೆಸರು ಸಿಕ್ಕಿರತ್ತೆ. ಆಗ ಬಂದ ದಾರಿ ಹಿಡೀಬೇಕು."

"ವಿಳಾಸದ ಪಕ್ಕ ಬೀಗದ ಗುರುತಿದ್ರೆ ಭಯ ಇಲ್ಲ ತಾನೆ?" ಸೀನ ಕೇಳಿದ.

"ನಡುವೆ ಯಾರೂ ಕದ್ದು ಕೇಳ್ತಿಲ್ಲ ಅಂತಷ್ಟೇ ಅದರರ್ಥ. ಆ ಕಡೆ ಕೂತೋನೇ ಕಳ್ಳನಾದ್ರೆ?"

"ಕಳ್ಳಂಗೂ ಸರ್ಟಿಫಿಕೇಟಾ?"

"ಬೇಕಾದ್ರೆ ಪುಕ್ಕಟೆ. ವಿಳಾಸ ಅವನ ಕೈಯಲ್ಲೇ ಇದೆಯಾ ಅಂತ ನೋಡ್ತಾರೆ, ಅವನ ಗುಣ ಯಾರು ನೋಡ್ತಾರೆ? ಜನ ಬೀಗಾನ ತಪ್ಪು ತಿಳ್ಕೊತಾರೆ ಅಂತಲೇ 2023ರಲ್ಲಿ ಕಂಪ್ಯೂಟರಿನ ಕ್ರೋಮ್‌ನಿಂದ ಅದನ್ನ ಕಿತ್ತು ಹಾಕಿದ್ರು. ವಿಳಾಸದ ಒಂದೊಂದಕ್ಷರಾನೂ ಬಿಡಿಸಿ ಓದಬೇಕು."

ವಿಶ್ವಣ್ಣ ಕನ್ನಡಕ ಏರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು. "ಕರೆಂಟ್ ಬಿಲ್ ಕಟ್ಟಿ ಅಂತ ಮೆಸೇಜ್ ಬಂದಿತ್ತು. ಅದರಲ್ಲಿರೋ ಲಿಂಕಿನ ಕೊನೇಲಿ ಡಾಟ್ ಎಕ್ಸ್‌ವೈಜಡ್ ಅಂತಿದೆ."

"ಒತ್ತಿದ್ರಾ?"

"ಬೆಳಿಗ್ಗೇನೇ. ಕೆಂಪು ಬಂತು. ಪ್ರೊಸೀಡ್ ಎಲ್ಲಿದೆ ಅಂತ ಹುಡುಕ್ತಿದ್ದೆ, ಚಾರ್ಜ್ ಇಳಿದೋಯ್ತು. ಈಗ 2 ಪರ್ಸೆಂಟ್ ಇದೆ. ಚಾರ್ಜರ್ ಇದೆಯೇನೋ ಗಿರಿ?"

ಗಿರಿ ಟೇಬಲ್ ಮೇಲಿದ್ದ ಚಾರ್ಜರನ್ನು ಮೆಲ್ಲಗೆ ಬ್ಯಾಗಿಗೆ ತಳ್ಳಿದ. "ಇಲ್ಲ ವಿಶ್ವಣ್ಣ."