ಸಮ್ಮೇಳನಕ್ಕ ಬರೋರ ಮನೆಯವರನ್ನ ಬಾಗಲಕೋಟೆಯಿಂದ ಎಲ್ಲೆಲ್ಲಿಗೆ ಕರ್ಕೊಂಡು ಹೋಗೋಣ?

ಕೇಳಿದವರು, ನವನಗರ, ಬಾಗಲಕೋಟೆ

ಫೆಬ್ರವರಿ ಕೊನೆಗೆ ನಮ್ಮ ಕಾಲೇಜಿನಾಗ ಮೂರು ದಿನದ ಸಮ್ಮೇಳನ, ಶುಕ್ರವಾರದಿಂದ ರವಿವಾರ. ಬರೋರ ಜೋಡಿ ಮನೆಯವರು ಸುಮಾರು 30 ಮಂದಿ. ಅವರನ್ನ ತಿರುಗಾಡಿಸೋ ಜವಾಬ್ದಾರಿ ನಂದು. ಶುಕ್ರವಾರ ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಶನಿವಾರ ಕೂಡಲಸಂಗಮ, ಆಲಮಟ್ಟಿ, ವಿಜಯಪುರ ಅಂತ ಬರದೀನಿ. ಹೆಣ್ಣುಮಕ್ಕಳೇ ಹೆಚ್ಚು ಇರ್ತಾರಂತ ಸೀರಿ ಅಂಗಡಿಗೂ ಎರಡು ತಾಸು ಇಟ್ಟೀನಿ. ಇಂಥಾ ಪ್ರವಾಸಕ್ಕ ಹೋಗಿ ಬಂದವರು ಹೇಳ್ರಿ.

ಧಾರವಾಡದಿಂದ

ನಮ್ಮನಿಯವರು ಡಾಕ್ಟರು. ಅವರ ಜೋಡಿ ಹದಿನೈದು ವರ್ಷದಿಂದ ಸಮ್ಮೇಳನಗಳಿಗೆ ಹೋಗ್ತೀನಿ. ಒಂದೂರಾಗ ಒಂದೇ ದಿನ ಆರು ಜಾಗ ತೋರಿಸಿದ್ರು. ವಾಪಸ್ ಬಂದಾಗ ರಾತ್ರಿ ಒಂಬತ್ತೂವರೆ. ಅವರು ಒಬ್ಬರೇ ಊಟಕ್ಕ ಕೂತಿದ್ರು, ನಾನು ಉಣ್ಣದೇ ಮಲಗಿದೆ. ಆ ಆರರಾಗ ಇವತ್ತು ಒಂದೂ ನೆನಪಿಲ್ಲ.

ನಿಮ್ಮ ಶುಕ್ರವಾರದ ಪಟ್ಟಿ ಅರ್ಧ ಮಾಡ್ರಿ. ಪಟ್ಟದಕಲ್ಲಿನಾಗ ವಿರೂಪಾಕ್ಷ ಗುಡಿ ಮುಂದ ಸುಮ್ನ ಕೂಡಾಕ ಬಿಡ್ರಿ. ಚಾಲುಕ್ಯರ ರಾಜ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಬಾಜೂಕಿನ ಮಲ್ಲಿಕಾರ್ಜುನ ಗುಡಿ ಆಕಿ ತಂಗಿ ತ್ರೈಲೋಕ್ಯಮಹಾದೇವಿಯದು. ಇದನ್ನ ಬಿಡಿಸಿ ಹೇಳೋ ಗೈಡ್ ಇರಲಿ.

ಇನ್ನೊಂದು. ಎಲ್ಲಾ ನಮಗ ತೋರಿಸಿಬಿಟ್ರ ಸಮ್ಮೇಳನದಾಗ ಕೂತವರಿಗೇನು ಉಳೀತು? ಒಂದು ಜಾಗ ಇಬ್ಬರೂ ಕೂಡಿ ನೋಡೂ ಹಂಗ ರವಿವಾರಕ್ಕ ಇಡ್ರಿ.

ಬಾದಾಮಿಯಿಂದ

ಶುಕ್ರವಾರ ಬಾದಾಮಿ, ಐಹೊಳೆ ಎರಡೂ ಕಡೆ ಮ್ಯೂಜಿಯಂ ಬಂದ್ ಇರ್ತಾವ್ರಿ, ಅದರ ಮ್ಯಾಲೆ ಆಸೆ ಇಡಬ್ಯಾಡ್ರಿ. ಮುಂಜಾನೆ ಬಿಸಿಲೇರೂದರಾಗ ಪಟ್ಟದಕಲ್ಲು ಮುಗಿಸ್ರಿ. ಮಧ್ಯಾಹ್ನ ಬನಶಂಕರಿ. ಗುಡಿ ಹತ್ರ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು ಜ್ವಾಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಸ್ತಾರ. ಪ್ಯಾಕೆಟ್ ಊಟ ಕಟ್ಟಿಸೋ ರೊಕ್ಕ ಅವರಿಗೆ ಮುಟ್ಟಲಿ. ಆಮ್ಯಾಲೆ ಗುಹೆ. ನಾಲ್ಕೂ ಗುಹೆ ಮೆಟ್ಟಲ ಹತ್ತಿ ನೋಡಬೇಕು. ಮೊಣಕಾಲು ನೋವಿದ್ದವರು ಮೂರನೇದರ ತನಕ ಬಂದ್ರೂ ಸಾಕು, ದೊಡ್ಡದು ಅದೇ, 578ರ ಶಾಸನನೂ ಅಲ್ಲೇ ಐತಿ. ಸಂಜಿಮುಂದ ಅಗಸ್ತ್ಯ ತೀರ್ಥದ ದಂಡಿಗೆ ಭೂತನಾಥ ಗುಡಿ: ಸೂರ್ಯ ಇಳಿಯೂ ಹೊತ್ತಿಗೆ ಕಲ್ಲು ಕೆಂಪಗಾಗೂದನ್ನ ನೋಡದೇ ಬಸ್ ಹತ್ತಬ್ಯಾಡ್ರಿ. ಕೈಯಾಗ ತಿನ್ನೂದು ಹಿಡಕೊಂಡು ಹೋದ್ರ ಮಂಗ್ಯಾ ಕಸಗೋತಾವ, ಮೊದಲೇ ಹೇಳಿಡ್ರಿ.

ಬೆಳಗಾವಿಯಿಂದ

ನನ್ನ ಹೆಂಡತಿ ಪ್ರಾಧ್ಯಾಪಕಿ. ಹೋದ ವರ್ಷದ ಸಮ್ಮೇಳನದಾಗ ಬಸ್ಸಿನಾಗಿದ್ದ ಗಂಡಸು ನಾನೊಬ್ಬನೇ. ಸೀರಿ ಅಂಗಡಿಯಾಗ ಎರಡು ತಾಸು ಕುಂತೆ. ನನಗ ಬೇಕಿದ್ದದ್ದು ಮಗ್ಗ ನೋಡೂದು. ಕೇಳಿದ್ರ ಟೈಮಿಲ್ಲ ಅಂದ್ರು. ಜೋಡಿ ಬರೋರು ಹೆಣ್ಣುಮಕ್ಕಳೇ ಅಂತ ಹಿಡಕೊಂಡು ಕಾರ್ಯಕ್ರಮ ಹಾಕಬ್ಯಾಡ್ರಿ.

ಇಳಕಲ್ಲಿಂದ, ನೇಕಾರರ ಮನಿ

ಈ ಅಣ್ಣಾರ ಮಾತು ಖರೇ. ಅಂಗಡಿ ಬಿಡ್ರಿ, ಮಗ್ಗದ ಮನಿಗೆ ಬರ್ರಿ. ಇಳಕಲ್ ಸೀರಿಯ ಗುಟ್ಟು ಕೊಂಡಿಯೊಳಗ ಐತಿ: ಒಡಲಿನ ಹಾಸು (ಉದ್ದಕ್ಕ ಹಾಕೂ ನೂಲು) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಎಳಿ ಎಳಿಗೆ ಕೊಂಡಿ ಹಾಕಿ ಕೂಡಸ್ತೀವಿ. ನಮ್ಮವ್ವ ಕುಂತು ಹಾಕೂದನ್ನ ಒಮ್ಮೆ ನೋಡಿದವರು ಕೆಂಪು ಸೆರಗಿನ ಬಿಳಿ ತೆನಿ ಚಿತ್ತಾರ ಮುಟ್ಟಿ ನೋಡೂ ರೀತಿನೇ ಬ್ಯಾರೆ ಆಗ್ತೈತಿ.

ಆದ್ರ 30 ಮಂದಿ ಒಮ್ಮೆ ಬಂದ್ರ ನಿಲ್ಲಾಕ ಜಾಗ ಇಲ್ರಿ. ಹತ್ತತ್ತು ಮಂದಿ ಮೂರು ಮನಿಗೆ ಹಂಚ್ರಿ. ಫೋಟೋ ಕೇಳಿ ತಗೋರಿ. ಮಗ್ಗದ ಕೆಲಸ ನಿಂತ ಹೊತ್ತು ನಮ್ಮ ಕೂಲಿನೂ ನಿಂತಂಗ. ಅದಕ್ಕ ಏನಾರ ಕೊಡಬೇಕು ಅನ್ನೂದನ್ನ ಲೆಕ್ಕದಾಗ ಮೊದಲೇ ಹಿಡೀರಿ. ವಾಪಸ್ ಹೋಗುವಾಗ ಅಮೀನಗಡದಾಗ ಕರದಂಟು ತಗೋಬಹುದು. ಇಷ್ಟು ದೂರ ಬರೂದು ಆಗದಿದ್ರ ಗುಳೇದಗುಡ್ಡ ನಿಮಗ ಸಮೀಪ, ಅಲ್ಲಿ ಖಣ (ಕುಪ್ಪಸದ ಬಟ್ಟಿ) ನೇಯೂದನ್ನ ನೋಡ್ರಿ.

ಕೇಳಿದವರು, ನವನಗರ

ಎಲ್ಲಾರಿಗೂ ಶರಣು. ಮಹಾಕೂಟ, ಆಲಮಟ್ಟಿ ತಗದೆ. ವಿಜಯಪುರದ ಮ್ಯಾಲೆ ಊರಿಗೆ ಹೋಗೋರು ಗೋಳಗುಮ್ಮಟ ದಾರಿಯಾಗ ನೋಡ್ಲಿ. ಶುಕ್ರವಾರ ಬಾದಾಮಿಯವರು ಹೇಳಿದಂಗ. ಶನಿವಾರ ಮುಂಜಾನೆ ಇಳಕಲ್, ಇಳಿಹೊತ್ತಿಗೆ ಕೂಡಲಸಂಗಮ. ಬಸವಣ್ಣನವರ ಐಕ್ಯಮಂಟಪಕ್ಕ ಆಳಕ್ಕ ಇಳಿದು ಹೋಗಬೇಕಲ್ಲ, ವಯಸ್ಸಾದವರ ಜೋಡಿ ಇಬ್ಬರು ಹುಡುಗರನ್ನ ಕಳಸ್ತೀನಿ. ಐಹೊಳೆ ರವಿವಾರ ಮಧ್ಯಾಹ್ನಕ್ಕ ಇಟ್ಟೆ, ಪ್ರಬಂಧ ಓದೋರೂ ಬರ್ತಾರ. ಇಳಕಲ್ಲಿನ ಅಣ್ಣಾರ, ಒಂದು ಮನಿಗೆ ಎಷ್ಟು ಕೊಟ್ರ ಸರಿ ಅನ್ನೂದನ್ನ ನೀವೇ ಹೇಳ್ರಿ, ನಾಳೆ ಕಮಿಟಿ ಮೀಟಿಂಗಿನಾಗ ಬರಸ್ತೀನಿ.