‘ಟ್ರಸ್ಟೆಡ್ ನೋಡ್’: ವಿಶ್ವಾಸಾರ್ಹವೋ, ನಂಬಲೇಬೇಕಾದದ್ದೋ?

ಎಲ್ಲರಿಗೂ ನಮಸ್ಕಾರ. ಗುಪ್ತ ಕೀಲಿಯನ್ನು (ಸಂದೇಶ ಮುಚ್ಚಿಡುವ 0–1ರ ಸಾಲು) ಫೋಟಾನುಗಳಲ್ಲಿ, ಅಂದರೆ ಬೆಳಕಿನ ಕಣಗಳಲ್ಲಿ, ಹಂಚುವ ಕ್ವಾಂಟಂ ಸಂವಹನ ಜಾಲದಲ್ಲಿ ಕೀಲಿಯನ್ನು ಮುಂದಕ್ಕೆ ದಾಟಿಸುವ ನಡುದಾರಿಯ ‘ಟ್ರಸ್ಟೆಡ್ ನೋಡ್’ಗೆ ‘ವಿಶ್ವಾಸಾರ್ಹ ನೋಡ್’ ಎನ್ನಬಹುದೆ? 2017ರಲ್ಲಿ ಶುರುವಾದ ಬೀಜಿಂಗ್–ಶಾಂಘೈ ಮಾರ್ಗದ ಸುಮಾರು 2000 ಕಿ.ಮೀ.ನಲ್ಲಿ ಇಂಥವು 32 ಇವೆ. ಇದಕ್ಕೂ ‘ಕ್ವಾಂಟಂ ರಿಪೀಟರ್’ಗೂ ಸೇರಿ ‘ಪುನರಾವರ್ತಕ’ ಎಂದರೆ ಸಾಲದೆ?

— — —

ಸಾಲದು. ‘ವಿಶ್ವಾಸಾರ್ಹ’ ಎಂದರೆ ನಂಬಲು ಯೋಗ್ಯವಾದದ್ದು. ಇದೋ, ನಂಬದೆ ಗತ್ಯಂತರವಿಲ್ಲದ ಕೊಠಡಿ.

1550 ನ್ಯಾನೋಮೀಟರ್ ಬೆಳಕು ಒಳ್ಳೆಯ ಫೈಬರಿನಲ್ಲೂ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಸೊರಗುತ್ತದೆ. 100 ಕಿ.ಮೀ. ದಾಟುವಷ್ಟರಲ್ಲಿ ನೂರು ಫೋಟಾನಿನಲ್ಲಿ ಒಂದು ಉಳಿದೀತು. 200ಕ್ಕೆ ಹತ್ತು ಸಾವಿರಕ್ಕೊಂದು. ಆಮೇಲಾಮೇಲೆ ಫೋಟಾನ್ ಬಾರದೆಯೂ ಬಂತೆನ್ನುವ ಡಿಟೆಕ್ಟರಿನ ಸುಳ್ಳು ಟಿಕ್ಕುಗಳೇ ಜಾಸ್ತಿಯಾಗುತ್ತವೆ. ಕೀಲಿ ಹಂಚುವ ಬಿಬಿ84 ವಿಧಾನದಲ್ಲಿ ದೋಷ ಸುಮಾರು ಶೇ. 11 ದಾಟಿತೆಂದರೆ ಸಾಮಾನ್ಯವಾಗಿ ಕೀಲಿ ಹುಟ್ಟುವುದಿಲ್ಲ. (ಈ ವಿಧಾನ ಸೂಚಿಸಿದ ಬೆನೆಟ್–ಬ್ರಸಾರ್ ಅವರ ಪ್ರಬಂಧ 1984ರ ಡಿಸೆಂಬರಿನ ಬೆಂಗಳೂರು ಸಮ್ಮೇಳನದ್ದು!) ನಡುವೆ ಬೆಳಕಿಗೆ ಬಲ ತುಂಬುವ ಆಂಪ್ಲಿಫೈಯರ್ ಇಡೋಣವೆಂದರೆ, ಅದಕ್ಕೆ ನಕಲು ಬೇಕು, ಗೊತ್ತಿಲ್ಲದ ಕ್ವಾಂಟಂ ಸ್ಥಿತಿಗೆ ನಕಲು ತೆಗೆಯಲು ಬರುವುದಿಲ್ಲ. ಹಾಗಾಗಿ ನಡುದಾರಿಯಲ್ಲಿ ಇಳಿದು ಬಸ್ಸು ಬದಲಿಸಬೇಕು.

ಅ, ಕ ಎರಡು ತುದಿಗಳು, ‘ಬ’ ನಡುವಿನ ಟ್ರಸ್ಟೆಡ್ ನೋಡ್. ಅ–ಬ ನಡುವಿನ ಕೀಲಿ 1011, ಬ–ಕ ನಡುವಿನದು 0110 ಎನ್ನಿ. ‘ಬ’ ಎರಡನ್ನೂ ಎಕ್ಸಾರ್ ಮಾಡಿ (ಅಂಕಿ ಬೇರೆಯಾದಲ್ಲಿ 1, ಒಂದೇ ಆದಲ್ಲಿ 0) 1101 ಎಂದು ಬಹಿರಂಗವಾಗಿಯೇ ಕಳಿಸುತ್ತದೆ. ‘ಕ’ ಅದಕ್ಕೆ ತನ್ನ 0110 ಅನ್ನು ಹಾಗೆಯೇ ಬೆರೆಸಿದರೆ 1011 ಕೈಗೆ ಬರುತ್ತದೆ. ಹೊರಗೆ ಕದ್ದು ಕೇಳುವವನಿಗೆ 1101ರಿಂದ ಏನೂ ಗಿಟ್ಟದು. ಆದರೆ ‘ಬ’ ಕೊಠಡಿಯ ಮೆಮೊರಿಯಲ್ಲಿ 1011 ಬತ್ತಲೆ ಕೂತಿರುತ್ತದೆ! ಅಲ್ಲಿ ಕೈಯಾಡಿಸಿದವನನ್ನು ಯಾವ ಕ್ವಾಂಟಂ ನಿಯಮವೂ ಹಿಡಿದುಕೊಡುವುದಿಲ್ಲ. ಬಾಗಿಲು, ಬೀಗ, ಕಾವಲುಗಾರನೇ ಗತಿ. 2008ರ ವಿಯೆನ್ನಾ ಜಾಲವೂ ಹೀಗೆಯೇ ಕಟ್ಟಿದ್ದು.

ನನ್ನ ಸೂಚನೆ ‘ನಂಬುಗೆಯ ನೆಲೆ’. ‘ನಂಬುಗೆಯ ಬಂಟ’ ಎಂದಾಗ ಒಡೆಯ ನಂಬಿದ್ದಾನೆ ಎಂದಷ್ಟೇ ಗೊತ್ತಾಗುತ್ತದೆ, ಬಂಟ ಕೈಕೊಡುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ.

ರಿಪೀಟರಿನ ಮಾತೇ ಬೇರೆ. ಅದು ದೂರದ ಕಣಗಳ ನಡುವಿನ ಕ್ವಾಂಟಂ ನಂಟಾದ ಎರಡು ಗಿಡ್ಡ ಎಂಟ್ಯಾಂಗಲ್‌ಮೆಂಟುಗಳನ್ನು ಬೆಸೆದು ಉದ್ದ ಮಾಡುತ್ತದೆ, ಕೀಲಿ ಅದಕ್ಕೆ ಕಾಣಿಸುವುದೇ ಇಲ್ಲ. ಯಾವುದನ್ನೂ ಪುನರಾವರ್ತಿಸದ ಯಂತ್ರಕ್ಕೆ ‘ಪುನರಾವರ್ತಕ’ ಎಂಬ ಹೆಸರು ಬೇಡ. ‘ರಿಪೀಟರ್’ ಎಂದೇ ಬಿಡಿ.

— — —

‘ನಂಬುಗೆಯ ನೆಲೆ’ಗೆ ನನ್ನದೂ ಒಪ್ಪಿಗೆ. ಆದರೆ ‘ಕೀಲಿ’ ಬಗ್ಗೆ ತಕರಾರಿದೆ. ಹುಬ್ಬಳ್ಳಿ–ಧಾರವಾಡದ ಕಡೆ ‘ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದರ್ಥ. ಮೊದಲ ಸಲವಾದರೂ ‘ಕೀಲಿಕೈ’ ಎಂದು ಬರೆಯಿರಿ, ಇಲ್ಲದಿದ್ದರೆ ಆ ಕಡೆಯ ಓದುಗರು 1011 ಅನ್ನು ಬೀಗವೆಂದೇ ತಿಳಿದಾರು.